ಗಣಕಯಂತ್ರಕ್ಕೊಂದು ಉಗ್ರಾಣ

ಮನೆಯನ್ನು ಕಟ್ಟಿಸಿದ ದಿನ ಅದು ಸಾಕಷ್ಟು ವಿಶಾಲವಾಗಿಯೇ ತೋರುತ್ತದೆ. ವಾಸಮಾಡತೊಡಗಿದ ಮೇಲೆ ವರ್ಷದಿಂದ ವರ್ಷಕ್ಕೆ ಕಿರಿದಾಗುತ್ತ ಬರುತ್ತದೆ. ನಮ್ಮ ಜಿಲ್ಲೆಯ ಹೆಂಚಿನ ಮನೆಗಳನ್ನು ಕಂಡವರಿಗೆ ಇದು ಹೊಸ ಮಾತಲ್ಲ. ಮೊದಲು ಚಾವಡಿ, ಒಳಕೋಣೆ, ಅಡುಗೆಮನೆ ಇಷ್ಟೇ ಇದ್ದ ಮನೆಗೆ ಕಾಲಕ್ರಮದಲ್ಲಿ ಮಾಡನ್ನು ತುಸು ಇಳಿಯಬಿಟ್ಟು ಅಡಿಕೆ ಇಡುವುದಕ್ಕೊಂದು ಕೋಣೆ, ಕಟ್ಟಿಗೆಗೆ ಇನ್ನೊಂದು ಕೋಣೆ ಸೇರಿಕೊಳ್ಳುತ್ತವೆ. ಮೂಲದ ಗೋಡೆಯನ್ನು ಕೆಡವದೆ, ಬೇಕಾದ ಸ್ಥಳವನ್ನು ಹೊರಗಿನಿಂದ ಜೋಡಿಸಿಕೊಳ್ಳುವ ಈ ಉಪಾಯವೇ ಇಂದಿನ ಪುಟ್ಟ ಕಂಪ್ಯೂಟರುಗಳ ವಿಷಯದಲ್ಲಿಯೂ ಪ್ರಯೋಜನಕ್ಕೆ ಬರುತ್ತದೆ. ಅದನ್ನು ಕುರಿತು ನಾವು ಕಲಿತುದನ್ನೂ, ಆ ಕಲಿಕೆಗಾಗಿ ನಾವು ತೆತ್ತ ಬೆಲೆಯನ್ನೂ ವಾಚಕರ ಮುಂದಿಡುವುದು ಈ ಲೇಖನದ ಉದ್ದೇಶ.

ಕಲ್ಲಡ್ಕವೆಂದರೆ ಹೊರಗಿನವರಿಗೆ ಮೊದಲು ನೆನಪಾಗುವುದು, ಹಾಲೂ ಚಹಾದ ಕಷಾಯವೂ ಒಂದೇ ಗ್ಲಾಸಿನಲ್ಲಿ ಬೆರೆಯದೆ ಪದರಪದರವಾಗಿ ನಿಲ್ಲುವ ಕೆ.ಟಿ. ಎಂಬ ಪಾನೀಯ. ಆ ಪೇಟೆಯಿಂದ ತುಸು ಒಳಗೆ, ತೋಟದ ನಡುವೆ ನಮ್ಮ ಮನೆ. ಮಗಳ ಓದಿಗೆ, ಅಡಿಕೆಯ ಲೆಕ್ಕಕ್ಕೆ, ಜಮೀನಿನ ಕಾಗದಪತ್ರಗಳ ಪ್ರತಿ ಇಟ್ಟುಕೊಳ್ಳುವುದಕ್ಕೆ, ಫೋನಿನಲ್ಲಿ ತುಂಬಿಹೋದ ಚಿತ್ರಗಳನ್ನು ಇಳಿಸಿಡುವುದಕ್ಕೆ ಎಂದು ಒಂದು ಪುಟ್ಟ ಕಂಪ್ಯೂಟರನ್ನು ಕೊಂಡೆವು. ಮೇಜಿನ ಅರ್ಧವನ್ನು ಆಕ್ರಮಿಸುತ್ತಿದ್ದ ಹಿಂದಿನ ಪೆಟ್ಟಿಗೆಯ ಸ್ಥಾನದಲ್ಲಿ ಅಂಗೈಯಗಲದ ಯಂತ್ರವೊಂದು ಬಂದು ಕುಳಿತಾಗ ಮನೆಯವರಿಗೆಲ್ಲ ಸಂತೋಷವಾಯಿತು.

ಇಂತಹ ಯಂತ್ರಗಳ ಸ್ವರೂಪವನ್ನು ತಿಳಿಯುವುದಕ್ಕೆ ಹೆಸರಾದ ಒಂದನ್ನು ನಿದರ್ಶನವಾಗಿ ತೆಗೆದುಕೊಳ್ಳಬಹುದು. 2024ನೆಯ ನವೆಂಬರಿನಲ್ಲಿ ಮಾರಾಟಕ್ಕೆ ಬಂದ ಆಪಲ್ ಸಂಸ್ಥೆಯ ಮ್ಯಾಕ್ ಮಿನಿ 12.7 ಸೆಂಟಿಮೀಟರಿನ ಚೌಕ. ಎತ್ತರ 5 ಸೆಂಟಿಮೀಟರು. ಊಟದ ತಟ್ಟೆಗಿಂತಲೂ ಸಣ್ಣದು. ಅದರ ಮೊದಲ ದರ್ಜೆಯ ಮಾದರಿಯಲ್ಲಿ ಸಂಗ್ರಹಕ್ಕೆ ದೊರೆಯುವ ಸ್ಥಳ 256 ಗಿಗಾಬೈಟು. ತಂತಿ ಸಿಕ್ಕಿಸುವ ಕಿಂಡಿಗಳಲ್ಲಿ, ಅಂದರೆ ಪೋರ್ಟುಗಳಲ್ಲಿ, ಯುಎಸ್‌ಬಿ-ಸಿ ಎಂಬ ಹೊಸ ರೂಪದವು ಮುಂದೆ ಎರಡು, ಹಿಂದೆ ಮೂರು. ನಮ್ಮ ಮನೆಗಳಲ್ಲಿರುವ ಪೆನ್‌ಡ್ರೈವು, ಕೀಲಿಮಣೆ, ಮುದ್ರಣಯಂತ್ರಗಳಿಗೆ ಬೇಕಾದ ಹಳೆಯ ಉದ್ದಚೌಕ ಮೂತಿಯ ಕಿಂಡಿ ಅದರಲ್ಲಿ ಒಂದೂ ಇಲ್ಲ. ಕ್ಯಾಮರಾದ ಕಾರ್ಡನ್ನು ಹಾಕುವ ಸೀಳೂ ಇಲ್ಲ. ಗಾತ್ರದಲ್ಲಿ ಉಳಿಸಿದುದನ್ನು ಸೌಕರ್ಯದಲ್ಲಿ ಕಳೆಯಬೇಕಾಗುತ್ತದೆಂಬುದಕ್ಕೆ ಇದಕ್ಕಿಂತ ಬೇರೆ ಉದಾಹರಣೆ ಬೇಡ.

ನಮ್ಮದು ಬೇರೊಂದು ಸಂಸ್ಥೆಯ ವಿಂಡೋಸ್ ಯಂತ್ರ. ಆದರೆ ಅದರ ಸ್ಥಿತಿಯೂ ಬಹುಮಟ್ಟಿಗೆ ಇದೇ. ಪೆಟ್ಟಿಗೆಯ ಮೇಲೆ 256 ಗಿಗಾಬೈಟು ಎಂದು ಅಚ್ಚಾಗಿತ್ತು. ತೆರೆಯ ಮೇಲೆ ಕಾಣಿಸಿದುದು 238. ಮಾರುವವರು ಸಾವಿರದ ಲೆಕ್ಕದಲ್ಲಿಯೂ ವಿಂಡೋಸ್ ಸಾವಿರದ ಇಪ್ಪತ್ತನಾಲ್ಕರ ಲೆಕ್ಕದಲ್ಲಿಯೂ ಎಣಿಸುವುದೇ ಈ ವ್ಯತ್ಯಾಸಕ್ಕೆ ಕಾರಣವೆಂದು ಆಮೇಲೆ ತಿಳಿಯಿತು. ಇದರಲ್ಲಿ ಯಂತ್ರ ತನ್ನ ಸ್ವಂತ ಕೆಲಸಕ್ಕೆ ಹತ್ತಾರು ಗಿಗಾಬೈಟುಗಳನ್ನು ತೆಗೆದುಕೊಂಡುಬಿಡುತ್ತದೆ. ಇನ್ನು ಇಂದಿನ ಫೋನುಗಳಲ್ಲಿ 4ಕೆ ಎಂಬ ದರ್ಜೆಯಲ್ಲಿ ತೆಗೆದ ಒಂದು ನಿಮಿಷದ ಚಲಚ್ಚಿತ್ರ ಸುಮಾರು 170ರಿಂದ 400 ಮೆಗಾಬೈಟುಗಳಷ್ಟು ಸ್ಥಳವನ್ನು ಬೇಡುತ್ತದೆ. ಒಂದು ಗಂಟೆಯ ಮದುವೆಯ ಚಿತ್ರಕ್ಕೆ 10ರಿಂದ 24 ಗಿಗಾಬೈಟು ಆಯಿತು! ಹೀಗಿರುವಾಗ ಒಂಬತ್ತು ತಿಂಗಳಲ್ಲಿ ನಮ್ಮ ಯಂತ್ರ ತುಂಬಿಹೋದುದು ಆಶ್ಚರ್ಯವಲ್ಲ.

ತುಂಬಿದುದರಲ್ಲಿ ಬೆಲೆಕಟ್ಟಲಾಗದ ವಸ್ತುವೊಂದಿತ್ತು. ನಮ್ಮ ತಾಯಿಯವರು ಎಳೆಯ ಪ್ರಾಯದಲ್ಲಿ ನಾಟಿಯ ಗದ್ದೆಯಲ್ಲಿ ಹಾಡುತ್ತಿದ್ದ ತುಳು ಪಾಡ್ದನಗಳನ್ನೂ ಕಬಿತಗಳನ್ನೂ ತಮ್ಮ ಕೊನೆಯ ವರ್ಷದಲ್ಲಿ ಚಾವಡಿಯಲ್ಲಿ ಕುಳಿತು ನಮಗಾಗಿ ಹಾಡಿದ್ದರು. ಏಳು ಸಂಜೆಗಳಲ್ಲಿ ಏಳು ಧ್ವನಿಮುದ್ರಣಗಳನ್ನು ಫೋನಿನಲ್ಲಿ ಮಾಡಿಕೊಂಡಿದ್ದೆವು. ಹಾಡಿನ ನಡುವೆ ಕೆಮ್ಮು, ಮರೆತ ಸಾಲಿಗಾಗಿ ತಡವರಿಕೆ, ‘ಮಳೆ ಬಂತು, ಅಂಗಳದ ಅಡಿಕೆ ತೆಗೆಯಿರಿ’ ಎಂಬ ಮಾತು, ಎಲ್ಲವೂ ಅದರಲ್ಲಿದ್ದವು. ಅವರು ಕಾಲವಾದ ಮೇಲೆ ಅವನ್ನು ಕಂಪ್ಯೂಟರಿಗೆ ಇಳಿಸಿ, ಫೋನಿನಲ್ಲಿದ್ದುದನ್ನು ಸ್ಥಳಾಭಾವದಿಂದ ಅಳಿಸಿದ್ದೆವು.

ಕೆಲವು ಯಂತ್ರಗಳನ್ನು ಬಿಚ್ಚಿ ಒಳಗಿನ ಸಂಗ್ರಹವನ್ನು ಹೆಚ್ಚಿಸಬಹುದು. ಆದರೆ ಅದು ಎಲ್ಲ ಗೃಹಸ್ಥರ ಕೈಗೆ ಹತ್ತುವ ಕೆಲಸವಲ್ಲ. ಸುಲಭವಾದ ದಾರಿ ‘ಹಬ್’ ಎಂಬ ಉಪಕರಣ. ಒಂದು ತಂತಿಯಿಂದ ಕಂಪ್ಯೂಟರಿನ ಒಂದು ಕಿಂಡಿಯನ್ನು ಸೇರಿ, ಇನ್ನೊಂದು ಕಡೆಯಲ್ಲಿ ನಾಲ್ಕು, ಏಳು, ಹತ್ತು ಕಿಂಡಿಗಳನ್ನು ತೆರೆದುಕೊಡುವ ಪುಟ್ಟ ಪೆಟ್ಟಿಗೆಯೇ ಹಬ್. ಇದು ಸಾಧ್ಯವಾದುದು ಯುಎಸ್‌ಬಿ ಎಂಬ ವ್ಯವಸ್ಥೆಯಿಂದ. ಅದಕ್ಕೆ ಮೊದಲು ಕೀಲಿಮಣೆಗೊಂದು, ಮೌಸಿಗೊಂದು, ಮುದ್ರಣಯಂತ್ರಕ್ಕೊಂದು ಎಂದು ಬೇರೆ ಬೇರೆ ಆಕಾರದ ಕಿಂಡಿಗಳಿದ್ದವು. ಇವೆಲ್ಲಕ್ಕೂ ಒಂದೇ ಕಿಂಡಿ ಸಾಕಾಗಬೇಕೆಂದು ದುಡಿದ ಇಂಟೆಲ್ ಸಂಸ್ಥೆಯ ತಂಡದ ಮುಂದಾಳುಗಳಲ್ಲಿ ಬರೋಡದಲ್ಲಿ ಓದಿದ ನಮ್ಮ ದೇಶದ ಅಜಯ ಭಟ್ಟರೂ ಒಬ್ಬರೆಂಬುದು ನಮಗೆ ಅಭಿಮಾನದ ಸಂಗತಿ. 1996ರಲ್ಲಿ ಪ್ರಕಟವಾದ ಮೊದಲ ಯುಎಸ್‌ಬಿಯ ವೇಗ ಸೆಕೆಂಡಿಗೆ 12 ಮೆಗಾಬಿಟ್. 2000ದಲ್ಲಿ 480 ಮೆಗಾಬಿಟ್. 2008ರಲ್ಲಿ 5 ಗಿಗಾಬಿಟ್. ಮೇಲುಕೆಳಗೆಂಬ ಭೇದವಿಲ್ಲದೆ ಹೇಗೆ ಸಿಕ್ಕಿಸಿದರೂ ಕೂರುವ ‘ಸಿ’ ರೂಪದ ಕಿಂಡಿ ನಿರ್ಣಯವಾದುದು 2014ರಲ್ಲಿ.

ಇಷ್ಟನ್ನು ತಿಳಿಯುವ ಮೊದಲೇ ನಾವು ಪೇಟೆಗೆ ಹೋಗಿ, ಎಲ್ಲಕ್ಕಿಂತ ಅಗ್ಗವಾದ ಹಬ್ಬೊಂದನ್ನು ತಂದೆವು. ಅದಕ್ಕೆ ಕೀಲಿಮಣೆ, ಮೌಸು, ಮತ್ತು ಅಟ್ಟದಲ್ಲಿದ್ದ ಹಳೆಯ ಹಾರ್ಡ್ ಡಿಸ್ಕನ್ನು ಜೋಡಿಸಿದೆವು. ಕಂಪ್ಯೂಟರಿನಲ್ಲಿದ್ದ ಚಿತ್ರ, ಧ್ವನಿ, ಕಾಗದಪತ್ರಗಳ ಕಡತವನ್ನೆಲ್ಲ ‘ಕಟ್’ ಮಾಡಿ ಡಿಸ್ಕಿಗೆ ಸಾಗಿಸತೊಡಗಿದೆವು. ಕೆಲಸ ಮುಕ್ಕಾಲು ಪಾಲು ಆಗುವ ಹೊತ್ತಿಗೆ ಮಗಳು ತನ್ನ ಫೋನನ್ನು ಚಾರ್ಜಿಗೆಂದು ಅದೇ ಹಬ್ಬಿಗೆ ಸಿಕ್ಕಿಸಿದಳು. ಡಿಸ್ಕು ಟಿಕ್ ಟಿಕ್ ಎಂದು ಎರಡು ಸಲ ಸದ್ದುಮಾಡಿ ತೆರೆಯಿಂದ ಮರೆಯಾಯಿತು. ಕಳಚಿ ಪುನಃ ಸಿಕ್ಕಿಸಿದಾಗ, ಇದನ್ನು ಫಾರ್ಮ್ಯಾಟ್ ಮಾಡದೆ ಉಪಯೋಗಿಸುವಂತಿಲ್ಲವೆಂಬ ಸೂಚನೆ ಬಂತು.

ಮೂಡುಬಿದಿರೆಯಲ್ಲಿರುವ ನಮ್ಮ ತಂಗಿಯ ಮಗನಿಗೆ ಈ ವಿದ್ಯೆ ಚೆನ್ನಾಗಿ ಬರುತ್ತದೆ. ಫೋನು ಮಾಡಿದೆವು. ಅವನು ಕೇಳಿದ ಮೊದಲ ಪ್ರಶ್ನೆ, “ಮಾವ, ಕಾಪಿ ಮಾಡಿದ್ದೋ, ಕಟ್ ಮಾಡಿದ್ದೋ?” ಎಂಬುದು. ನಾವು ಉತ್ತರ ಹೇಳಿದ ಮೇಲೆ ಅವನು ಕ್ಷಣಕಾಲ ಸುಮ್ಮನಿದ್ದ. ಕಾಪಿ ಮಾಡಿದ್ದರೆ ಮೂಲ ಇದ್ದಲ್ಲಿಯೇ ಉಳಿಯುತ್ತಿತ್ತು. ಕಟ್ ಮಾಡಿದಾಗ ಒಂದೊಂದು ಕಡತ ಆಚೆ ಹೋದ ಹಾಗೆ ಈಚೆಯದು ಅಳಿಯುತ್ತದೆ. ಎಸ್‌ಎಸ್‌ಡಿಯಲ್ಲಿ ಅಳಿಸಿದ ವಸ್ತುವಿನ ಕುರುಹನ್ನು ಯಂತ್ರವೇ ಬೇಗನೆ ಒರಸಿಹಾಕುವುದರಿಂದ ಅಲ್ಲಿಂದ ಅದನ್ನು ಮರಳಿ ಪಡೆಯುವ ಆಸೆಯೂ ಅಲ್ಪ. ಡಿಸ್ಕನ್ನು ಮಂಗಳೂರಿನ ದುರಸ್ತಿಗಾರರೊಬ್ಬರಿಗೆ ಕೊಟ್ಟೆವು. ಚಿತ್ರಗಳಲ್ಲಿ ಹಲವು ಸಿಕ್ಕಿದವು. ಧ್ವನಿಮುದ್ರಣಗಳಲ್ಲಿ ಒಂದೂ ಸಿಕ್ಕಲಿಲ್ಲ.

ಹಬ್ಬಿನ ಮೇಲೆ ತಪ್ಪು ಹೊರಿಸುವುದು ಸುಲಭ. ಆದರೆ ತಪ್ಪು ನಮ್ಮ ಅಜ್ಞಾನದ್ದು. ಕಂಪ್ಯೂಟರಿನ ಸಾಮಾನ್ಯ ಯುಎಸ್‌ಬಿ 3 ಕಿಂಡಿಯೊಂದು ಕೊಡಬೇಕಾದ ವಿದ್ಯುತ್ತು 900 ಮಿಲಿಆಂಪಿಯರ್. ಯುಎಸ್‌ಬಿ 2 ಆದರೆ 500. ಸ್ವಂತ ವಿದ್ಯುತ್ತಿಲ್ಲದ ಹಬ್ಬು ಇದೊಂದನ್ನೇ ತನ್ನ ಎಲ್ಲ ಕಿಂಡಿಗಳಿಗೂ ಹಂಚಬೇಕು. ತಿರುಗುವ ಹಾರ್ಡ್ ಡಿಸ್ಕು ಚಲಿಸತೊಡಗುವಾಗ ಒಂದು ಕಿಂಡಿಯ ಶಕ್ತಿಯಲ್ಲಿ ಹೆಚ್ಚಿನ ಪಾಲನ್ನು ತಾನೇ ಬೇಡುತ್ತದೆ. ಅದರ ಮೇಲೆ ಫೋನೂ ಬಾಯಿಹಾಕಿದರೆ ಡಿಸ್ಕಿಗೆ ಉಳಿಯುವುದೇನು? ಆದುದರಿಂದ ಡಿಸ್ಕುಗಳನ್ನು ಜೋಡಿಸುವ ಇಚ್ಛೆಯುಳ್ಳವರು ಗೋಡೆಯ ವಿದ್ಯುತ್ತಿಗೆ ಸೇರಿಸುವ ಸ್ವಂತ ಅಡಾಪ್ಟರುಳ್ಳ ಹಬ್ಬನ್ನೇ ಕೊಳ್ಳತಕ್ಕದ್ದು. ಫೋನನ್ನು ಅದರ ಹತ್ತಿರಕ್ಕೂ ತರದಿರುವುದು ಲೇಸು.

ಎರಡನೆಯ ವಿಷಯ ವೇಗದ್ದು. ಮಂಗಳೂರಿಗೆ ಹೋಗುವ ನಮ್ಮ ದಾರಿಯನ್ನು ವಾಚಕರು ನೆನಪಿಗೆ ತಂದುಕೊಳ್ಳಲಿ. ಬೆಂಗಳೂರಿನಿಂದ ಬರುವ ಹೆದ್ದಾರಿಗೆ ಮಾಣಿಯಲ್ಲಿ ಪುತ್ತೂರಿನ ರಸ್ತೆ ಕೂಡುತ್ತದೆ. ಕಲ್ಲಡ್ಕದಲ್ಲಿ ವಿಟ್ಲದ ರಸ್ತೆ. ಮೆಲ್ಕಾರಿನಲ್ಲಿ ಮುಡಿಪಿನ ಕಡೆಯದು. ಆದರೆ ಹೀಗೆ ಕೂಡಿದ ವಾಹನಗಳೆಲ್ಲ ಪಾಣೆಮಂಗಳೂರಿನಲ್ಲಿ ನೇತ್ರಾವತಿಯನ್ನು ದಾಟಿಯೇ ಬಿ.ಸಿ. ರೋಡನ್ನು ಸೇರಬೇಕು. ಎಷ್ಟು ರಸ್ತೆಗಳು ಬಂದು ಕೂಡಿದರೂ ಸೇತುವೆಯ ಅಗಲ ಹೆಚ್ಚುವುದಿಲ್ಲ. ಹಬ್ಬಿಗೂ ಕಂಪ್ಯೂಟರಿಗೂ ನಡುವೆ ಇರುವ ಒಂದೇ ತಂತಿ ಈ ಸೇತುವೆ. ಹತ್ತು ಕಿಂಡಿಗಳಿದ್ದರೂ ಅವೆಲ್ಲಕ್ಕೂ ಸೇರಿ ಇರುವುದು ಆ ತಂತಿಯ ವೇಗ ಮಾತ್ರ. ಕೀಲಿಮಣೆ, ಮೌಸುಗಳು ಸೈಕಲಿನಂತೆ. ಅವು ಎಷ್ಟಿದ್ದರೂ ಅಡ್ಡಿಯಾಗದು. ಎರಡು ಡಿಸ್ಕುಗಳು ಏಕಕಾಲದಲ್ಲಿ ದುಡಿದರೆ ಎರಡು ಲಾರಿಗಳು ಸೇತುವೆಯ ಮೇಲೆ ಒಂದನ್ನೊಂದು ತಡೆದಂತಾಗುತ್ತದೆ.

ಇದನ್ನು ಲೆಕ್ಕದಲ್ಲಿ ನೋಡೋಣ. ಸೆಕೆಂಡಿಗೆ 10 ಗಿಗಾಬಿಟ್ ಎಂದು ನಮೂದಾದ ಹಬ್ಬು ವ್ಯವಹಾರದಲ್ಲಿ ಸೆಕೆಂಡಿಗೆ ಸುಮಾರು 1,000 ಮೆಗಾಬೈಟುಗಳನ್ನು ಸಾಗಿಸಬಲ್ಲುದು. 5 ಗಿಗಾಬಿಟ್ಟಿನದು 400ಕ್ಕೆ ಸ್ವಲ್ಪ ಮೇಲೆ. ಹಳೆಯ ಯುಎಸ್‌ಬಿ 2 ಆದರೆ 40ಕ್ಕೂ ಕಡಿಮೆ. 100 ಗಿಗಾಬೈಟುಗಳ ಕುಟುಂಬಚಿತ್ರಗಳನ್ನು ವೇಗದ ಎಸ್‌ಎಸ್‌ಡಿಗೆ ಸಾಗಿಸಲು ಮೊದಲನೆಯದಕ್ಕೆ ಎರಡು ನಿಮಿಷ ಸಾಕು. ಕೊನೆಯದಕ್ಕೆ ಮುಕ್ಕಾಲು ಗಂಟೆ ಬೇಕು. ತಿರುಗುವ ಹಾರ್ಡ್ ಡಿಸ್ಕಿನ ಸ್ವಂತ ವೇಗವೇ ಸೆಕೆಂಡಿಗೆ ಸುಮಾರು 120 ಮೆಗಾಬೈಟು ಆಗಿರುವುದರಿಂದ ಅದಕ್ಕೆ 5 ಗಿಗಾಬಿಟ್ಟಿನ ಹಬ್ಬು ಧಾರಾಳವಾಯಿತು. ಇನ್ನೊಂದು ಎಚ್ಚರಿಕೆ: ಫೋನಿನ ಚಾರ್ಜರಿನೊಂದಿಗೆ ಬರುವ ‘ಸಿ’ ಮೂತಿಯ ತಂತಿಗಳಲ್ಲಿ ಬಹಳಷ್ಟು ಯುಎಸ್‌ಬಿ 2ರ ವೇಗದವು. ಹೊರನೋಟಕ್ಕೆ ವ್ಯತ್ಯಾಸ ಕಾಣದು. ಹಬ್ಬಿನೊಂದಿಗೆ ಬಂದ ತಂತಿಯನ್ನು ಹಬ್ಬಿಗೇ ಮೀಸಲಿಡಬೇಕು.

ಮೂರನೆಯದು ಸಂಗ್ರಹ. ಈಗ ಕೆಲವು ಹಬ್ಬುಗಳ ಒಡಲಿನಲ್ಲಿಯೇ ಒಂದು ಎಸ್‌ಎಸ್‌ಡಿಯನ್ನು ಕೂರಿಸುವ ಸ್ಥಳವಿರುತ್ತದೆ. ಎಂ.2 ಎಂಬ ಹೆಸರಿನ ಈ ಫಲಕ ಸಾಮಾನ್ಯವಾಗಿ 22 ಮಿಲಿಮೀಟರು ಅಗಲ, 80 ಮಿಲಿಮೀಟರು ಉದ್ದ. ಚ್ಯೂಯಿಂಗ್ ಗಮ್ಮಿನ ಪಟ್ಟಿಯಷ್ಟು. ಹಬ್ಬನ್ನು ಕಂಪ್ಯೂಟರಿನ ಅಡಿಯಲ್ಲಿಯೇ ಇಟ್ಟರೆ ಎರಡೂ ಸೇರಿ ಒಂದೇ ಪೆಟ್ಟಿಗೆಯಂತೆ ಕಾಣುತ್ತವೆ. ಒಂದು ಟೆರಾಬೈಟು, ಅಂದರೆ ಸಾವಿರ ಗಿಗಾಬೈಟುಗಳ ಉಗ್ರಾಣ ಮೇಜಿನ ಮೇಲೆ ಬೇರೆ ಸ್ಥಳ ಕೇಳದೆ ದೊರೆಯುತ್ತದೆ. ಅತಿ ವೇಗದ ಎಸ್‌ಎಸ್‌ಡಿಯನ್ನು ಹೆಚ್ಚು ಬೆಲೆ ಕೊಟ್ಟು ತಂದು 10 ಗಿಗಾಬಿಟ್ಟಿನ ಹಬ್ಬಿನಲ್ಲಿ ಕೂರಿಸಿದರೆ ಸೇತುವೆಯ ನಿಯಮದಿಂದಾಗಿ ಆ ಹಣ ವ್ಯರ್ಥ. ಇಂತಹ ಫಲಕ ದುಡಿಯುವಾಗ ಬಿಸಿಯೇರುತ್ತದೆ; ಗಾಳಿಯಾಡುವ ಕಡೆ ಇಡಬೇಕು. ವಿಂಡೋಸ್, ಮ್ಯಾಕ್ ಎರಡು ಬಗೆಯ ಯಂತ್ರಗಳೂ ಇರುವ ಮನೆಯಲ್ಲಿ ಅದನ್ನು ಎಕ್ಸ್‌ಫ್ಯಾಟ್ ಎಂಬ ಕ್ರಮದಲ್ಲಿ ಸಿದ್ಧಪಡಿಸಿದರೆ ಎರಡಕ್ಕೂ ಓದಿ ಬರೆಯಲು ಬರುತ್ತದೆ. ಆದರೆ ಬರೆಯುತ್ತಿರುವಾಗ ಕಳಚಿದರೆ ಕೆಡುವ ಸಂಭವ ಅದರಲ್ಲಿ ಹೆಚ್ಚು. ತೆರೆಯ ಮೇಲೆ ‘ಇಜೆಕ್ಟ್’ ಎಂದು ಅಪ್ಪಣೆ ಪಡೆದೇ ಕಳಚುವುದು ವಾಡಿಕೆಯಾಗಬೇಕು.

ನಮ್ಮ ಸೀಮೆಗೆ ವಿಶೇಷವಾದ ಕೆಲವು ಶತ್ರುಗಳನ್ನೂ ಇಲ್ಲಿ ಹೇಳದಿದ್ದರೆ ಕರ್ತವ್ಯಲೋಪವಾದೀತು. ಮಳೆಗಾಲ ಹಿಡಿಯುವ ಮುಂಚಿನ ದಿನಗಳಲ್ಲಿಯೂ ತುಲಾಮಾಸದ ಸಂಜೆಗಳಲ್ಲಿಯೂ ಬರುವ ಗುಡುಗುಸಿಡಿಲು ಅವುಗಳಲ್ಲಿ ಮೊದಲನೆಯದು. ಸ್ವಿಚ್ಚನ್ನು ಆರಿಸಿದರೆ ಸಾಲದು. ಹಬ್ಬಿನ ಅಡಾಪ್ಟರನ್ನೂ, ಇಂಟರ್ನೆಟ್ಟಿನ ತಂತಿಯನ್ನೂ ಕಳಚಿಡಬೇಕು. ಏಕೆಂದರೆ ಒಂದು ದಾರಿಯಿಂದ ಒಳಹೊಕ್ಕ ಸಿಡಿಲು ಹಬ್ಬಿನ ಮೂಲಕ ಅದಕ್ಕೆ ಜೋಡಿಸಿದ ಎಲ್ಲ ಡಿಸ್ಕುಗಳನ್ನೂ ಮುಟ್ಟಬಲ್ಲುದು. ಎರಡನೆಯದು ಆಟಿಯ ತೇವ. ಬಳಸದಿರುವ ಡಿಸ್ಕನ್ನು ಸಿಲಿಕಾ ಜೆಲ್ಲಿನ ಪೊಟ್ಟಣದೊಂದಿಗೆ ಬಿಗಿಯಾದ ಡಬ್ಬದಲ್ಲಿ ಇಡುವುದು ಒಳ್ಳೆಯದು. ಮೂರನೆಯದು ಇರುವೆ. ಬೆಚ್ಚಗಿರುವ ಯಂತ್ರದೊಳಗೆ ಮೊಟ್ಟೆಯಿಡಲು ಅವಕ್ಕೆ ಬಹಳ ಪ್ರೀತಿ.

ಇದೆಲ್ಲವನ್ನೂ ಕಲಿತು ಒಳ್ಳೆಯ ಹಬ್ಬನ್ನು ತರುವ ನಿಶ್ಚಯ ಮಾಡಿದ ಮೇಲೆ, ಅದೇ ವರ್ಷದ ದೀಪಾವಳಿಗೆ ಮೂಡುಬಿದಿರೆಗೆ, ತಂಗಿಯ ಮನೆಗೆ ಹೋಗಿದ್ದೆವು. ಊಟವಾದ ಮೇಲೆ ತಂಗಿ ತನ್ನ ಫೋನನ್ನು ತಂದು, ಏನನ್ನೂ ಹೇಳದೆ, ನಮ್ಮ ಮುಂದೆ ಇಟ್ಟಳು. ತಾಯಿಯವರ ಸ್ವರ ಕೇಳಿಸಿತು. ಏಳರಲ್ಲಿ ಮೂರನ್ನು ನಾವೇ ಆಗ ಅವಳಿಗೆ ಕಳುಹಿಸಿದ್ದೆವು; ಕಳುಹಿಸಿದುದನ್ನು ಮರೆತಿದ್ದೆವು. ಅವಳು ಅಳಿಸದೆ ಇಟ್ಟುಕೊಂಡಿದ್ದಳು. ಉಳಿದ ನಾಲ್ಕು ಎಲ್ಲಿಯೂ ಇಲ್ಲ.

ಮರುದಿನ ಸೋದರಳಿಯ ನಮ್ಮನ್ನು ಊರಿನ ಬಸದಿಗಳ ಕಡೆಗೆ ಕರೆದುಕೊಂಡುಹೋದ. ಸಾವಿರಕಂಬದ ಬಸದಿಯನ್ನು ಎಲ್ಲರೂ ಬಲ್ಲರು. ನಮ್ಮ ಮನಸ್ಸು ನಿಂತುದು ಸಿದ್ಧಾಂತ ಬಸದಿಯೆಂದೂ ಕರೆಯುವ ಗುರುಬಸದಿಯಲ್ಲಿ. ಧವಲ, ಜಯಧವಲ, ಮಹಾಧವಲವೆಂದು ಪ್ರಸಿದ್ಧವಾದ ಜೈನ ಸಿದ್ಧಾಂತ ಗ್ರಂಥಗಳ ತಾಳೆಗರಿಗಳು ಶತಮಾನಗಳ ಕಾಲ ಉಳಿದುದು ಇಲ್ಲಿ. ಧವಲವನ್ನು ವೀರಸೇನಾಚಾರ್ಯರು 816ರಲ್ಲಿ ಮುಗಿಸಿದರು. ಜಯಧವಲವನ್ನು ಅವರ ಶಿಷ್ಯ ಜಿನಸೇನಾಚಾರ್ಯರು 837ರಲ್ಲಿ ಪೂರ್ಣಗೊಳಿಸಿದರು. ಗ್ರಂಥಗಳ ಭಾಷೆ ಪ್ರಾಕೃತ ಸಂಸ್ಕೃತ. ಗರಿಗಳ ಲಿಪಿ ಹಳಗನ್ನಡ. ಬೇರೆಡೆ ಪ್ರತಿ ದೊರೆಯದೆ, ಇಲ್ಲಿಯ ಗರಿಗಳು ಶಿಥಿಲವಾಗುತ್ತಿದ್ದಾಗ, 19ನೆಯ ಶತಮಾನದ ಕೊನೆಯ ವರ್ಷಗಳಲ್ಲಿ ಅವನ್ನು ನಕಲುಮಾಡುವ ಕಾರ್ಯ ಪ್ರಾರಂಭವಾಯಿತು. ಪ್ರತಿಗಳು ಉತ್ತರದೇಶವನ್ನು ಮುಟ್ಟಿದವು. 1939ರಲ್ಲಿ ಹೀರಾಲಾಲ ಜೈನರ ಸಂಪಾದಕತ್ವದಲ್ಲಿ ಧವಲದ ಮೊದಲ ಸಂಪುಟ ಅಚ್ಚಾಗಿ ಹೊರಬಂತು. ಸಾವಿರ ವರ್ಷಗಳ ವಿದ್ಯೆ ಒಂದು ಊರಿನ ಒಂದು ಪೆಟ್ಟಿಗೆಯ ಹಂಗಿನಿಂದ ಬಿಡುಗಡೆ ಹೊಂದಿತು. ಗರಿಗಳನ್ನು ಭಕ್ತಿಯಿಂದ ಕಾಪಾಡಿದವರು ಎಷ್ಟು ದೊಡ್ಡವರೋ, ಕುಳಿತು ಪ್ರತಿಮಾಡಿದವರೂ ಅಷ್ಟೇ ದೊಡ್ಡವರೆಂದು ನಮಗೆ ತೋರಿತು.

ಆಗ ನಮ್ಮ ತಪ್ಪು ನಮಗೆ ಪೂರ್ತಿಯಾಗಿ ಅರ್ಥವಾಯಿತು. ಅಗ್ಗದ ಹಬ್ಬನ್ನು ತಂದುದು ಸಣ್ಣ ತಪ್ಪು. ಏಳು ಹಾಡುಗಳನ್ನು ಒಂದೇ ಕಡೆ ಇಟ್ಟುದು ದೊಡ್ಡ ತಪ್ಪು. ಉಗ್ರಾಣವನ್ನು ದೊಡ್ಡದು ಮಾಡಿದ ಮಾತ್ರಕ್ಕೆ ಅದರೊಳಗಿನ ಕಾಳು ಸುರಕ್ಷಿತವಾಗುವುದಿಲ್ಲ. ಬೀಜದ ಭತ್ತವನ್ನು ಹಿರಿಯರು ಊಟದ ಭತ್ತದೊಂದಿಗೆ ಬೆರಸದೆ ಮುಡಿ ಕಟ್ಟಿ ಬೇರೆಯಾಗಿ ಇಡುತ್ತಿದ್ದುದು ಇದೇ ವಿವೇಕದಿಂದ.

ಇದಕ್ಕೆ ಬಲ್ಲವರು ಹೇಳುವ ಸುಲಭಸೂತ್ರವೊಂದಿದೆ. ಅಮೇರಿಕದ ಛಾಯಾಗ್ರಾಹಕ ಪೀಟರ್ ಕ್ರೋ ಎಂಬವರು ಪ್ರಚಾರಕ್ಕೆ ತಂದ ಇದರ ಹೆಸರು ‘ಮೂರು-ಎರಡು-ಒಂದು’. ಬೆಲೆಯುಳ್ಳ ವಸ್ತುವಿನ ಪ್ರತಿಗಳು ಮೂರು ಇರಬೇಕು. ಅವು ಎರಡು ಬಗೆಯ ಸಾಧನಗಳಲ್ಲಿ ಇರಬೇಕು. ಅವುಗಳಲ್ಲಿ ಒಂದು ಮನೆಯಿಂದ ದೂರದಲ್ಲಿ ಇರಬೇಕು. ಒಂದೇ ಹಬ್ಬಿಗೆ ಸದಾಕಾಲ ಸಿಕ್ಕಿಸಿಟ್ಟ ಎರಡು ಡಿಸ್ಕುಗಳನ್ನು ಎರಡು ಪ್ರತಿಯೆಂದು ನಂಬಬಾರದು. ಒಂದು ಸಿಡಿಲು ಎರಡನ್ನೂ ಕೊಂಡೊಯ್ಯುತ್ತದೆ.

ನಮ್ಮ ಮನೆಯ ಈಗಿನ ಕ್ರಮ ಹೀಗಿದೆ. ಕಂಪ್ಯೂಟರಿನ ಅಡಿಯಲ್ಲಿ, ಸ್ವಂತ ಅಡಾಪ್ಟರುಳ್ಳ, ಒಡಲಿನಲ್ಲಿ ಒಂದು ಟೆರಾಬೈಟಿನ ಎಸ್‌ಎಸ್‌ಡಿ ಇರುವ ಹಬ್ಬು. ದಿನದ ಬಳಕೆಯೆಲ್ಲ ಅದರಲ್ಲಿ. ಪ್ರತಿ ತಿಂಗಳೂ ಸಂಕ್ರಮಣದ ದಿನ ಬೀರುವಿನಲ್ಲಿರುವ ಹಾರ್ಡ್ ಡಿಸ್ಕನ್ನು ತೆಗೆದು, ಹಬ್ಬಿಗೆ ಸಿಕ್ಕಿಸಿ, ಹೊಸದನ್ನೆಲ್ಲ ಪ್ರತಿಮಾಡಿ, ಕಳಚಿ ಒಳಗಿಡುತ್ತೇವೆ. ಕಟ್ ಮಾಡುವ ಅಭ್ಯಾಸವನ್ನು ಬಿಟ್ಟಿದ್ದೇವೆ. ಮೂರನೆಯ ಡಿಸ್ಕು ಮೂಡುಬಿದಿರೆಯಲ್ಲಿ ತಂಗಿಯ ಮನೆಯಲ್ಲಿದೆ. ಬಿಸುವಿಗೂ ದೀಪಾವಳಿಗೂ ಹೋಗಿಬರುವಾಗ ಅದನ್ನು ಬದಲಿಸುತ್ತೇವೆ. ದೂರದ ಪ್ರತಿಗೆ ನಾವು ಎಸ್‌ಎಸ್‌ಡಿಯನ್ನು ಆರಿಸಲಿಲ್ಲ. ವಿದ್ಯುತ್ತಿಲ್ಲದೆ ವರ್ಷಗಟ್ಟಲೆ ಇಟ್ಟರೆ ಅದರಲ್ಲಿ ತುಂಬಿದುದು ಕ್ರಮೇಣ ಅಳಿಯುವ ಭಯವುಂಟು. ಪ್ರತಿ ಸಲವೂ ನಾಲ್ಕಾರು ಕಡತಗಳನ್ನು ತೆರೆದು ನೋಡುತ್ತೇವೆ. ತೆರೆದು ನೋಡದ ಪ್ರತಿ ಇದ್ದೂ ಇಲ್ಲದಂತೆ.

ಇಷ್ಟಕ್ಕೆಲ್ಲ ತಗಲುವ ಹೊತ್ತು ತಿಂಗಳಿಗೆ ಅರ್ಧ ಗಂಟೆ. ವಾಚಕರಲ್ಲಿ ಯಾರ ಮನೆಯಲ್ಲಾದರೂ ಹಿರಿಯರ ಸ್ವರವೋ, ಮದುವೆಯ ಚಿತ್ರವೋ, ಜಮೀನಿನ ಕಾಗದವೋ ಒಂದೇ ಯಂತ್ರದಲ್ಲಿ ಇದ್ದರೆ, ಹಬ್ಬನ್ನು ಕೊಳ್ಳುವ ಯೋಚನೆಗೂ ಮೊದಲು ಈ ಹೊತ್ತೇ ಅದರ ಇನ್ನೊಂದು ಪ್ರತಿಯನ್ನು ಮಾಡಿ ಆಪ್ತರೊಬ್ಬರಿಗೆ ಕೊಡಲಿ. ಕಳೆದ ಸಂಕ್ರಮಣದಂದು ಪ್ರತಿಮಾಡುವ ಕೆಲಸ ಮಗಳದಾಗಿತ್ತು. ಡಿಸ್ಕು ಸರಿಯಾಗಿದೆಯೇ ಎಂದು ನೋಡಲು ಅವಳು ತೆರೆದುದು ಅಜ್ಜಿಯ ಮೂರನೆಯ ಹಾಡನ್ನು. ಅಡುಗೆಮನೆಯಲ್ಲಿದ್ದವರು ಕೈಕೆಲಸ ಬಿಟ್ಟು ಚಾವಡಿಗೆ ಬಂದು ನಿಂತರು. ಹಾಡು ಮುಗಿದ ಮೇಲೆ, ಮಳೆ ಬಂತೆಂದು ತಾಯಿಯವರು ಎಚ್ಚರಿಸುವ ಮಾತೂ ಸ್ಪಷ್ಟವಾಗಿ ಕೇಳಿಸಿತು.